ಉಸಿರು ಬಿಡುವ ಜಾಗ

ಮಾರ್ಚ್ 3, ಮಂಗಳವಾರ
ಬೆಳಿಗ್ಗೆ ಶಹನಾಯಿಯಂಥ ನನ್ನ ಓಬೊದ ಬಾಯಿಗೆ ಸಿಕ್ಕಿಸುವ ರೀಡ್ ಎರಡು ಹೆರೆದೆ. ಒಂದು ಹಾಳು. ಇನ್ನೊಂದು ಪರವಾಗಿಲ್ಲ.
ಸಿಂಫನಿಯ ಎರಡನೇ ಭಾಗದಲ್ಲಿ ಓಬೊ ಒಂಟಿಯಾಗಿ ನುಡಿಯುವ ಆ ಸಾಲು... ಹೋದ ಕಾನ್ಸರ್ಟಿನಲ್ಲಿ ನಡುವೆಯೇ ಉಸಿರು ಕಟ್ಟಿತು, ಸ್ವರ ಮುರಿಯಿತು. ಈ ಸಲವೂ ಹಾಗಾದರೆ ಸೋಲೋ ನನ್ನ ಪಕ್ಕ ಓಬೊ ನುಡಿಸುವ ಕಿರಿಯಳಿಗೆ ಎಂದು ಆರ್ಕೆಸ್ಟ್ರಾ ಮ್ಯಾನೇಜರ್ ಹೇಳಿಯಾಗಿದೆ. ತಪ್ಪೇನಿಲ್ಲ. ಅವರ ಜಾಗದಲ್ಲಿದ್ದರೆ ನಾನೂ — ಇರಲಿ.
ಈ ಸಲ ಆರ್ಕೆಸ್ಟ್ರಾ ನಡೆಸಲು ಬರುವವರು ಎಂಬತ್ತೆರಡರ ಹಿರಿಯ ಕಂಡಕ್ಟರ್. ಎಲ್ಲರಿಗೂ ಮೇಷ್ಟ್ರು.

ಮಾರ್ಚ್ 4
ಮೇಷ್ಟ್ರು ಕುರ್ಚಿ ಬೇಡವೆಂದರು. ಸ್ವರ ಬರೆದ ಸ್ಕೋರ್ ಪುಸ್ತಕ ತೆರೆಯಲೇ ಇಲ್ಲ. ಕೈ ಎದೆಗಿಂತ ಮೇಲೆ ಹೋಗುವುದಿಲ್ಲ. ಬೆರಳು ಅಲುಗಿದರೆ ಸಾಕು, ಎಂಟು ಚೆಲೊ ಒಂದೇ ಮೈಯಾಗುತ್ತವೆ. ಇಪ್ಪತ್ತು ವರ್ಷದಿಂದ ಇದನ್ನು ನುಡಿಸುತ್ತಿದ್ದೇನೆ. ಕೇಳಿಸಿಕೊಂಡದ್ದು ಇವತ್ತೇ ಇರಬೇಕು.
ನನ್ನ ಸಾಲು ಬಂತು. ಮುರಿಯಿತು.
“ಉಸಿರು ಸಾಲ್ತಿಲ್ವೇನಮ್ಮ?”
“ಇಲ್ಲ ಸರ್, ಜಾಸ್ತಿ ಆಗುತ್ತೆ. ಓಬೊ ಬಾಯಿ ಸಣ್ಣದು, ಗಾಳಿ ಪೂರ್ತಿ ಹೋಗಲ್ಲ. ಹಳೇದು ಎದೆಯಲ್ಲೇ ಉಳಿದುಬಿಡುತ್ತೆ. ಅದನ್ನ ಬಿಡೋಕೆ ಜಾಗ ಇಲ್ಲ.”
“ಎದೆ ತುಂಬ ಹಳೇ ಗಾಳಿ! ನನ್ ಥರಾನೇ.”
ಎಲ್ಲರೂ ನಕ್ಕರು. ಮತ್ತೆ ನುಡಿಸುವಾಗ ಆ ಸಾಲಿನ ನಡುವೆ ಮೇಷ್ಟ್ರು ಕೈ ಇಳಿಸಿ ಕಾದರು. ಹಳೆಯ ಗಾಳಿ ಬಿಟ್ಟೆ. ಹೊಸದು ಎಳೆದುಕೊಂಡೆ. ನುಡಿಸಿದೆ.
ಪಕ್ಕದ ಕ್ಲಾರಿನೆಟ್‌ನವನು ಪಿಸುಗುಟ್ಟಿದ, “ಅಕ್ಕಾ, ನಿಮಗೋಸ್ಕರ ಸಿಂಫನೀನೇ ನಿಲ್ಲಿಸಿಬಿಟ್ರಲ್ಲ! ನಮಗೆ ಟೀ ಕುಡಿಯೋಕೂ ನಿಲ್ಸಲ್ಲ.”
ತಮಾಷೆಗೇ. ಆದರೂ ಚುಚ್ಚಿತು.

ಮಾರ್ಚ್ 6, ಮಧ್ಯಾಹ್ನ
ರಿಹರ್ಸಲ್ ಮುಗಿದ ಮೇಲೆ ಧೈರ್ಯ ಮಾಡಿ ಕೇಳಿದೆ.
“ಸರ್, ಪಾಪ ಅಂತ ಅಲ್ಲಿ ಕಾಯೋದಾದ್ರೆ ಬೇಡ. ಕಿರಿಯಳು ಒಂದೇ ಉಸಿರಲ್ಲಿ ನುಡಿಸ್ತಾಳೆ.”
ಮೇಷ್ಟ್ರು ಕನ್ನಡಕ ಒರೆಸುತ್ತಿದ್ದರು. “ಐವತ್ತು ವರ್ಷ ಆ ಜಾಗದಲ್ಲಿ ಓಡಿದ್ದೀನಮ್ಮ. ನೀನು ಎಡವಿದಾಗಲೇ ಗೊತ್ತಾಗಿದ್ದು, ಅಲ್ಲೊಂದು ಮೆಟ್ಟಿಲಿದೆ ಅಂತ.”
ನನ್ನ ಪೆನ್ಸಿಲ್ ಇಸಿದುಕೊಂಡು ತಮ್ಮ ಹಳೆಯ ಸ್ಕೋರ್‌ನಲ್ಲಿ ಆ ಜಾಗಕ್ಕೆ ನಿಲ್ಲುವ ಗುರುತು ಹಾಕಿದರು. ಎಂಬತ್ತೆರಡನೇ ವಯಸ್ಸಿನಲ್ಲಿ! ಬಸ್ಸಿನಲ್ಲಿ ನನ್ನ ಸ್ಟಾಪ್ ದಾಟಿಹೋದದ್ದೂ ತಿಳಿಯಲಿಲ್ಲ.

ಮಾರ್ಚ್ 8, ಭಾನುವಾರ, ಸಂಜೆ 5
ಕಾನ್ಸರ್ಟ್ ಮುಗಿಯಿತು. ಕೋಟು ಕೂಡ ತೆಗೆದಿಲ್ಲ. ಸೋಲೋ ನನಗೇ ಉಳಿಯಿತು, ಮ್ಯಾನೇಜರ್ ಹೇಳಿದರು. ಬರೆಯಬೇಕಾದದ್ದು ಅದಲ್ಲ.
ಆ ಸಾಲಿಗೆ ಬಂದಾಗ ಎದೆ ಹಗುರವಾಗಿತ್ತು. ಯಾಕೋ, ಗಾಳಿ ಕಟ್ಟಿಕೊಂಡಿರಲೇ ಇಲ್ಲ. ನಿಲ್ಲದೆ ಮುಂದೆ ಹೋಗಬಹುದಿತ್ತು. ಮೇಷ್ಟ್ರ ಕೈ ಇಳಿಯಿತು. ನಾನೂ ಕಾದೆ. ಉಸಿರಿಗಾಗಿ ಅಲ್ಲ. ಹಾಲ್‌ನಲ್ಲಿ ಒಂದು ಕೆಮ್ಮೂ ಇಲ್ಲ. ಚೆಲೊದವರ ಕಮಾನುಗಳು ಹಾಗೇ ಗಾಳಿಯಲ್ಲಿ. ಆಗ, ಒಂದು ಸ್ವರವೂ ಬರೆದಿರದ ಆ ಜಾಗದಲ್ಲಿ, ಇಡೀ ಸಿಂಫನಿಯೇ ಉಸಿರು ಬಿಡುವುದು ಕೇಳಿಸಿತು. ಆಮೇಲೆ ನುಡಿಸಿದೆ.