ಗ್ಯಾಂಗಿನವರು ಕರೆಯುವ ಹೆಸರು

ಗುಂಡ್ಲುಪೇಟೆ
೧೪-೨-೧೯೫೫

ಅಕ್ಕ ಗುರುಮಲ್ಲಮ್ಮನಿಗೆ ತಮ್ಮ ಮಾದೇವ ಮಾಡುವ ನಮಸ್ಕಾರ.

ಸೊಂಟದ ನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಕುದೇರಿನ ಹೊಲದಲ್ಲೇ ಬಗ್ಗಿಕೊಂಡಿದ್ದೀಯೋ? ಈ ಕಾಗದ ಮೇಷ್ಟ್ರ ಕೈಲಿ ಓದಿಸಬೇಡ. ಮೂರನೇ ಕ್ಲಾಸು ಪಾಸಾದವಳು, ನೀನೇ ಅಕ್ಷರ ಕೂಡಿಸಿಕೊಂಡು ಓದು.

ನಾನೂ ಭಾವನೂ ಆರೋಗ್ಯವಾಗಿದ್ದೇವೆ. ತೆರಕಣಾಂಬಿ ರಸ್ತೆಗೆ ಜಲ್ಲಿ ಹಾಸುವುದು ಅರ್ಧ ಮುಗಿದಿದೆ. ನಮ್ಮ ರಸ್ತೆ ಗ್ಯಾಂಗಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ನಡೆಯುವುದಿಲ್ಲ. ಬಂದ ವಾರದೊಳಗೆ ಕೆಲಸದ ರೀತಿ ನೋಡಿ ಹೊಸ ಹೆಸರು ಕಟ್ಟುತ್ತಾರೆ. ಮೇಸ್ತ್ರಿ ಏನಂದರೂ ಹೂಂಗುಟ್ಟುವವನು ತಲೆದೂಗಯ್ಯ. ಬಸ್ಸು ಬಂದಾಗೆಲ್ಲ ಗುದ್ದಲಿ ಊರಿ ನಿಲ್ಲುವವನು ಬಸ್‌ನೋಡಯ್ಯ. ತಲೆ ಎತ್ತದೆ ದುಡಿಯುತ್ತೇನಂತೆ, ಅದಕ್ಕೆ ನಾನು ಗಾಣದೆತ್ತು. ನಿನ್ನ ಗಂಡ ನೆರಳಪ್ಪ. ಮೊದಲ ದಿನ ಮುಳ್ಳು ಕೀಳಲು ಹುಣಸೆ ಮರದಡಿ ಒಂದು ಗಳಿಗೆ ಕೂತಿದ್ದರು, ಅಷ್ಟಕ್ಕೇ ಆ ಹೆಸರು. ನಿಜ ಹೇಳಬೇಕೆಂದರೆ ಇಡೀ ಗ್ಯಾಂಗಿನಲ್ಲಿ ಅವರಷ್ಟು ಜಲ್ಲಿ ಹೊರುವವರಿಲ್ಲ. ನನಗೆ ಜ್ವರ ಬಂದಾಗ ನನ್ನ ಪಾಲಿನದನ್ನೂ ಅವರೇ ಹೊತ್ತರು.

ಹೋದ ಗುರುವಾರ ಚಾಮರಾಜನಗರದಿಂದ ಹೊಸ ಓವರ್‌ಸಿಯರ್ ಬಂದರು. ಆರು ಜನರನ್ನು ಖಾಯಂ ಮಾಡಬೇಕು, ಯಾರು ಎಂಥವರು ಹೇಳು ಎಂದು ಮೇಸ್ತ್ರಿ ರಾಚಯ್ಯನನ್ನು ಕೇಳಿದರು. ರಾಚಯ್ಯ ಅಭ್ಯಾಸಬಲದಿಂದ ಒಬ್ಬೊಬ್ಬರನ್ನೇ ತೋರಿಸುತ್ತಾ, ‘ಇವ್ನು ಗಾಣದೆತ್ತು ಸಾಮಿ, ಅವ್ನು ನೆರಳಪ್ಪ’ ಅಂದುಬಿಟ್ಟ. ಹೊಸಬರಿಗೆ ನಮ್ಮ ತಮಾಷೆ ಏನು ಗೊತ್ತು? ಹೆಸರಿನಂತೆಯೇ ಆಳು ಅಂದುಕೊಂಡು, ನಕ್ಕು, ಗುರುತು ಹಾಕಿಕೊಂಡು ಜೀಪು ಹತ್ತಿದರು. ಇವತ್ತು ಪಟ್ಟಿ ಬಂತು. ನನ್ನ ಹೆಸರಿದೆ, ಭಾವನ ಹೆಸರಿಲ್ಲ. ತಿಂಗಳ ಕೊನೆಗೆ ಉಳಿದವರೆಲ್ಲ ಊರಿಗೆ ಹೋಗಬೇಕು. ಎರಡು ವರ್ಷ ಇದಕ್ಕೇ ಕಾದವರು ಅವರು. ನನಗೆ ಊಟ ಸೇರುತ್ತಿಲ್ಲ.

ನಿಮ್ಮ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಮಗು ಚಾಮುಂಡಿಗೆ, ಸೋದರಮಾವ ಕ್ಷೇಮ ಕೇಳಿದ ಅಂತ ಹೇಳು.

ನಿನ್ನ ತಮ್ಮ,
ಮಾದೇವ

ಇನ್ನೊಂದು ಮಾತು. ಟಪಾಲು ಬಸ್ಸು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೆರಳಪ್ಪ ಅಂತ ಹೆಸರಿಟ್ಟವನು ನಾನೇ ಅಕ್ಕ. ಭಾವನಲ್ಲವೇ, ರೇಗಿಸಬಹುದು ಅಂತ ಇಟ್ಟೆ. ಓವರ್‌ಸಿಯರ್ ಗುರುತು ಹಾಕುವಾಗ ಪಕ್ಕದಲ್ಲೇ ಇದ್ದೆ. ಬಾಯಿ ಬಿಟ್ಟರೆ ನನ್ನದೂ ಹೋದೀತೆಂದು ಸುಮ್ಮನಾದೆ. ನಾಳೆ ಚಾಮರಾಜನಗರಕ್ಕೆ ಹೋಗಿ ಹೇಳುತ್ತೇನೆ. ಇರುವುದು ಆರೇ ಜಾಗ ಅಂದರೆ ನನ್ನದನ್ನು ಭಾವನಿಗೆ ಕೊಡಿ ಅನ್ನುತ್ತೇನೆ. ಭಾವನಿಗೆ ಇದೊಂದೂ ಗೊತ್ತಿಲ್ಲ. ಪಟ್ಟಿಯಲ್ಲಿ ನನ್ನ ಹೆಸರು ಓದಿದ್ದು ಕೇಳಿ, ಅಂಗಡಿಗೆ ಹೋಗಿ ಬೆಲ್ಲ ತಂದು ಗ್ಯಾಂಗಿಗೆಲ್ಲ ಹಂಚಿದರು.