ಗೋಡೆಯೊಳಗಿನ ಜಾಯಿಂಟ್

ಶ್ರೀನಿವಾಸಪುರ
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಬ್ಬಾ,

ಫೋನಿನಲ್ಲಿ ಹೇಳಲು ಧೈರ್ಯ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಿದ್ಯುತ್ ಬಳಕೆಯ ತಪಾಸಣೆಗೆಂದು ಈ ವಾರ ನಾನು ಬಂದಿರುವುದು ರಾಮಚಂದ್ರಪ್ಪನವರ ಹಳೆಯ ಕಚೇರಿ ಕಟ್ಟಡಕ್ಕೆ. ಮೂವತ್ತು ವರ್ಷದ ಹಿಂದೆ ಇದಕ್ಕೆ ವೈರಿಂಗ್ ಮಾಡಿದವರು ನೀವೇ.

ಶುಕ್ರವಾರ ಇಲ್ಲಿ ಸೋಲಾರ್ ಉದ್ಘಾಟನೆ. ಹೊಸ ಫಲಕಗಳನ್ನು ಹಳೆಯ ತಂತಿಗೇ ಜೋಡಿಸಲು ಹೊರಟಿದ್ದಾರೆ. ವೃಥಾ ಹೋಗುವ ಕರೆಂಟ್ ಹುಡುಕುತ್ತಾ ನಿನ್ನೆ ಮಹಡಿಯ ಗೋಡೆ ಮುಟ್ಟಿದರೆ ಬಿಸಿಯಾಗಿತ್ತು. ಗಾರೆ ಒಡೆಸಿ ನೋಡಿದೆ. ಜಂಕ್ಷನ್ ಪೆಟ್ಟಿಗೆಯಿಲ್ಲದೆ ಬರೀ ಟೇಪು ಸುತ್ತಿದ ತಂತಿಗಳ ಜಾಯಿಂಟ್ ಕರಗಿ ಕಪ್ಪಾಗಿತ್ತು. ಟೇಪಿನ ತುದಿ ಮಡಚಿದ ರೀತಿ ನೋಡಿದೊಡನೆ ನಿಮ್ಮ ಕೈ ಗುರುತು ಸಿಕ್ಕಿತು. ಆ ಗೋಡೆಗೆ ಒರಗಿಕೊಂಡೇ ಗುಮಾಸ್ತೆ ಆದಿಲಕ್ಷ್ಮಿ ದಿನವಿಡೀ ಕೆಲಸ ಮಾಡುತ್ತಾರೆ.

ಮೈನ್ ಸ್ವಿಚ್ ಇಳಿಸಿದೆ. ರಾಮಚಂದ್ರಪ್ಪ ಓಡಿ ಬಂದರು.

"ನಿಮ್ಮಪ್ಪ ಎಳೆದ ಲೈನ್ ಕಣಮ್ಮಾ ಇದು. ಆಯಪ್ಪನ ಮರ್ಯಾದೆ ಏನಾಗ್ತೈತೆ ನೋಡ್ಕೊ. ಸುಮ್ನೆ ರಿಪೋರ್ಟ್‌ಗೆ ಸೈನ್ ಹಾಕು."

"ಆಗಲ್ಲ ಸಾರ್. ಲೈನ್ ತಪ್ಪಾಗಿದೆ," ಎಂದೆ.

ಇಂಥ ಜಾಯಿಂಟ್‌ಗಳು ಇನ್ನೆಲ್ಲೆಲ್ಲಿವೆ ಎಂಬುದು ನಿಮಗೆ ಮಾತ್ರ ಗೊತ್ತು. ಅವರು ಮತ್ತೆ ಸ್ವಿಚ್ ಎತ್ತುವ ಮೊದಲು ಸಿಗಬೇಕು. ಈ ಪತ್ರ ತರುವ ಫರ್ಹಾದ್ ಚಾಚಾ ಇಂದೇ ನಮ್ಮ ನಂಗಲಿಯಿಂದ ಇಲ್ಲಿಗೆ ಹಿಂದಿರುಗುತ್ತಾರೆ. ಅವರ ಗಾಡಿಯಲ್ಲೇ ಬಂದುಬಿಡಿ. ಕನ್ನಡಕ ಮರೆಯಬೇಡಿ.

ವರದಿಯಲ್ಲಿ ತಪ್ಪನ್ನು ಬರೆದಾಗಿದೆ. ನೀವು ಬಾರದಿದ್ದರೂ ಅದನ್ನು ಅಳಿಸುವುದಿಲ್ಲ. ಬಂದರೆ, ಉಳಿದ ಜಾಯಿಂಟ್‌ಗಳನ್ನು ತೋರಿಸಿಕೊಟ್ಟವರು ನನ್ನ ಅಬ್ಬಾ ಓಬೇದುಲ್ಲಾ ಎಂದೂ ಬರೆಯುತ್ತೇನೆ.

ಕಚೇರಿಯ ಬಾಗಿಲಲ್ಲೇ ಕಾಯುತ್ತಿರುವ,
ಜುವೇರಿಯಾ