ನಮ್ಮ ಮನೆಯ ಪುಟಕ್ಕೆ ಸಿಹಿ ಮೀನು

ಪ್ಲೊವ್‌ದಿವ್
12 ಏಪ್ರಿಲ್ 1994

ಪ್ರೀತಿಯ ಸುಲ್ತಾನಾ ಅಕ್ಕನಿಗೆ,

ತಂಗಿ ವೀಡಾಳ ವಂದನೆಗಳು. ಹಬ್ಬಕ್ಕೆ ಮುಂಚೆಯೇ ಬರೆಯಬೇಕಿತ್ತು, ಕ್ಷಮಿಸು. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು. ಯಾಫಾದ ಸೆಕೆಯಲ್ಲಿ ನಿನ್ನ ಮಂಡಿನೋವು ಹೇಗಿದೆ?

ಇಲ್ಲಿ ನಮ್ಮ ಯಹೂದಿ ಪ್ರಾರ್ಥನಾಮಂದಿರದ ಹೆಂಗಸರು ಅಡುಗೆ ಪುಸ್ತಕ ಮಾಡುತ್ತಿದ್ದಾರೆ. ಮನೆಗೊಂದು ಪುಟ, ಅದರಲ್ಲಿ ಹಿರಿಯರ ಕೈಬರಹವನ್ನೇ ಅಚ್ಚು ಹಾಕುತ್ತಾರಂತೆ. ನಮ್ಮ ಪುಟಕ್ಕೆ ಅಮ್ಮನ ಲೀಕ್ ಈರುಳ್ಳಿ ವಡೆ ಎಂದು ಊರಿಗೆಲ್ಲ ಸಾರಿ ಬಂದೆ. ಸೊಸೆ ಹಲಿನಾ ಸುಮ್ಮನಿರಬೇಕೋ ಬೇಡವೋ? "ಅತ್ತೆ, ನಮ್ಮಜ್ಜಿ ಮೀನನ್ನೂ ಒಂದ್ಸಲ ರುಚಿ ನೋಡಿ" ಎಂದಳು. ಪೋಲೆಂಡಿನವರ ಮೀನು ಗೊತ್ತಲ್ಲ, ಸಕ್ಕರೆ ಸುರಿಯುತ್ತಾರೆ!

"ಮೀನಿಗೆ ಸಕ್ಕರೆ ಹಾಕೋರು ಕಾಫಿಗೆ ಮೆಣಸು ಹಾಕ್ತೀರೇನಮ್ಮ?" ಎಂದೆ.

"ನೀವು ಹಬ್ಬದಲ್ಲಿ ಅನ್ನ ತಿಂತೀರಲ್ಲ, ನಾನೇನಾದ್ರೂ ಅಂದ್ನಾ?" ಎಂದಳು.

ಪೆಸಾಹ್ ಹಬ್ಬದ ಎಂಟು ದಿನವೂ ಅವಳ ಕಡೆಯ ಯಹೂದಿಗಳು ಅಕ್ಕಿ ಮುಟ್ಟುವುದಿಲ್ಲ. ಅನ್ನವಿಲ್ಲದ ಮೇಲೆ ಅದೆಂಥ ಹಬ್ಬ? ಒಂದು ಭಾನುವಾರ ನಾನು ವಡೆ, ಅವಳು ಮೀನು ಮಾಡಿ ಬಡಿಸಿದೆವು. ನನ್ನ ಮಗನೆಂಬ ಮಹಾರಾಯ ನಿಸೀಮ್ ತಟ್ಟೆ ಖಾಲಿ ಮಾಡಿ "ಎರಡೂ ಚೆನ್ನಾಗಿದೆ" ಎಂದ. ಇಂಥವನನ್ನು ಹೆತ್ತೆನಲ್ಲ!

ಹಬ್ಬಕ್ಕೆ ಗೋಧಿ ಕಾಳು ಸಲ್ಲದು, ಅಕ್ಕಿಯಲ್ಲಿ ಒಂದೂ ಉಳಿಯಬಾರದೆಂದು ಮೂರು ಸಲ ಆರಿಸಬೇಕಲ್ಲ, ನನ್ನ ಕಣ್ಣಿಗೋ ಪೊರೆ. ಹಲಿನಾ ತಟ್ಟೆ ಎಳೆದುಕೊಂಡು ಕೂತಳು. "ತಿನ್ನದವಳಿಗೆ ಈ ಉಸಾಬರಿ ಯಾಕೆ?" ಎಂದೆ. "ನಮ್ಮಜ್ಜಿ ತಿನ್ನಬೇಡ ಅಂದಿದ್ದಾರೆ, ಆರಿಸಬೇಡ ಅಂದಿಲ್ಲ" ಎಂದಳು. ನಾನು ಬಿಟ್ಟಿದ್ದ ಎರಡು ಗೋಧಿ ಕಾಳು ಅವಳ ಕೈಗೆ ಸಿಕ್ಕವು. ಇವಳ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಕೊನೆಗೆ ಪುಸ್ತಕಕ್ಕೆ ಹೋದದ್ದು ಮೀನೇ. ನಾನೇ ಕೊಟ್ಟು ಬಂದೆ.

ನಿನ್ನ ಮೊಮ್ಮಕ್ಕಳೆಲ್ಲ ನೂರು ಹಬ್ಬ ಕಾಣಲಿ.

ನಿನ್ನ
ವೀಡಾ

ತಾ.ಕ.: ಹಲಿನಾಳ ಬಳಿ ಅವಳಜ್ಜಿ ಬರೆದ ಚೀಟಿ ಇದೆ, ಎಣ್ಣೆಕಲೆ ಸಮೇತ. "ನಿಮ್ಮಮ್ಮ ಬರೆದಿದ್ದು ಎಲ್ಲಿ ಅತ್ತೆ? ಕೊಡಿ, ಅದೇ ಹೋಗ್ಲಿ" ಎಂದು ಅವಳೇ ಕೇಳಿದಳು. ಸುಟ್ಟುಹೋಯಿತು ಎಂದು ಸುಳ್ಳು ಹೇಳಿದೆ. ನಲವತ್ತೆಂಟರಲ್ಲಿ ಯಾಫಾಕ್ಕೆ ಹೊರಟು ಹಡಗು ಹತ್ತುವಾಗ ಅಮ್ಮನ ಅಡುಗೆ ಪುಸ್ತಕವನ್ನು ನನಗೆ ಒಂದು ಮಾತೂ ಹೇಳದೆ ನೀನು ಒಯ್ದೆ ಎಂದು ಸೊಸೆಯೆದುರು ಹೇಗೆ ಹೇಳಲಿ? ಅಂದಿನಿಂದ ಅಂದಾಜಿನಲ್ಲೇ ವಡೆ ಮಾಡುತ್ತಿದ್ದೇನೆ ಅಕ್ಕ. ಪುಸ್ತಕ ನೀನೇ ಇಟ್ಟುಕೋ. ಆ ಒಂದು ಹಾಳೆ ಕಳಿಸು. ನಕಲು ಮಾಡಿ ಕಳಿಸಬೇಡ, ಅದನ್ನೇ ಕಳಿಸು. ಅಮ್ಮನ ಅಕ್ಷರ ಹೇಗಿತ್ತೆಂದು ನನಗೆ ಮರೆತೇ ಹೋಗಿದೆ.